ಮೂವರು ಅಧ್ಯಕ್ಷರು ಮತ್ತು ಲಕ್ವ

ನಮ್ಮ ಕಡೆ "ಲಕ್ವ ಹೊಡೀತು" ಅಂತೀವಿ. ಇಂಗ್ಲಿಷಿನ ಸ್ಟ್ರೋಕ್ ಅಂದರೂ ಹೊಡೆತವೇ, ಸಂಸ್ಕೃತದ ಪಕ್ಷಾಘಾತದಲ್ಲೂ ಅದೇ ಆಘಾತ. ಹೇಳದೆ ಕೇಳದೆ ಹೊರಗಿನಿಂದ ಬಿದ್ದ ಏಟು ಅನ್ನೋ ನಂಬಿಕೆ ಈ ಮಾತುಗಳಲ್ಲೇ ಇದೆ. ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ ಹೀಗೆ ಸತ್ತವರ ಶವಗಳನ್ನು ಕೊಯ್ದು ನೋಡಿ, ಮಿದುಳಿನೊಳಗೆ ರಕ್ತ ಸುರಿದಿದ್ದನ್ನು 1658ರಲ್ಲಿ ಪುಸ್ತಕವಾಗಿ ಬರೆದ. ನಾಳ ಕಟ್ಟಿಕೊಂಡರೂ ಹೀಗಾಗಬಹುದು ಎಂದೂ ಹೇಳಿದ. ಆದರೆ ಯಾರಿಗೆ ಬರುತ್ತೆ, ಮೊದಲೇ ತಡೆಯೋದು ಹೇಗೆ ಅನ್ನೋದು ತಿಳಿಯಲು ಇನ್ನೂ ಸುಮಾರು ಮುನ್ನೂರು ವರ್ಷ ಬೇಕಾಯಿತು. ಅಮೆರಿಕದ ಮೂವರು ಅಧ್ಯಕ್ಷರ ಕತೆ ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತೆ ಅಂತ ನನಗನ್ನಿಸುತ್ತೆ.

ಮೊದಲನೆಯವರು ವುಡ್ರೋ ವಿಲ್ಸನ್. 1906ರಲ್ಲೇ ಒಂದು ಬೆಳಗ್ಗೆ ಏಳುವಾಗ ಅವರ ಎಡಗಣ್ಣು ಕಾಣಿಸುತ್ತಿರಲಿಲ್ಲ. 1919ರ ಸೆಪ್ಟೆಂಬರಿನಲ್ಲಿ ಭಾಷಣ ಪ್ರವಾಸದ ನಡುವೆ ವಿಪರೀತ ತಲೆನೋವು, ಸುಸ್ತು. ಅಕ್ಟೋಬರ್ 2ರಂದು ದೇಹದ ಎಡಭಾಗ ಪೂರ್ತಿ ಬಿದ್ದುಹೋಯಿತು. ಇದು ರಕ್ತನಾಳ ಕಟ್ಟಿಕೊಂಡು ಬರುವ ಲಕ್ವ. ಹೆಚ್ಚಿನ ಜನರಿಗೆ ಬರೋದು ಇದೇ. ಮಿದುಳಿನ ಬಲಭಾಗಕ್ಕೆ ರಕ್ತ ನಿಂತರೆ ಎಡಗೈ, ಎಡಗಾಲು ಸೋಲುತ್ತವೆ. ಬಾಯಿ ಸೊಟ್ಟಗಾಗುತ್ತೆ, ಮಾತು ತೊದಲುತ್ತೆ. ಎಷ್ಟೋ ಸಲ ನೋವೇ ಇರಲ್ಲ, ಅದಕ್ಕೇ ಜನ ಮಲಗಿದರೆ ಸರಿಹೋಗುತ್ತೆ ಅಂದುಕೊಳ್ತಾರೆ.

ಎರಡನೆಯವರು ಫ್ರಾಂಕ್ಲಿನ್ ರೂಸ್‌ವೆಲ್ಟ್. 1944ರ ಮಾರ್ಚ್‌ನಲ್ಲಿ ಹೃದ್ರೋಗ ತಜ್ಞ ಹೊವರ್ಡ್ ಬ್ರೂಯೆನ್ ನೋಡಿದಾಗ ಅವರ ಬಿಪಿ 186/108. ಉಪ್ಪು ಕಡಿಮೆ ಮಾಡಿ, ಸಿಗರೇಟು ಕಡಿಮೆ ಮಾಡಿ, ವಿಶ್ರಾಂತಿ ತಗೊಳ್ಳಿ ಅಂದರು. ಬಿಪಿಯನ್ನು ನಂಬಿಕೆಯಿಂದ ಇಳಿಸುವ ಮಾತ್ರೆ ಆಗ ಇರಲಿಲ್ಲ. 1945ರ ಏಪ್ರಿಲ್ 12ರ ಮಧ್ಯಾಹ್ನ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಚಿತ್ರಕಾರ್ತಿಯೊಬ್ಬರು ಅವರ ಭಾವಚಿತ್ರ ಬರೆಯುತ್ತಿದ್ದರು. ತಲೆಯ ಹಿಂಭಾಗ ಭಯಂಕರ ನೋಯ್ತಿದೆ ಎಂದವರೇ ಪ್ರಜ್ಞೆ ತಪ್ಪಿದರು. ಆಗ ಬಿಪಿ 300/190. ಎರಡೂವರೆ ಗಂಟೆಯೊಳಗೆ ತೀರಿಕೊಂಡರು, ವಯಸ್ಸು 63. ಇದು ನಾಳ ಒಡೆದು ರಕ್ತ ಸುರಿಯುವ ಲಕ್ವ: ಹಿಂದೆಂದೂ ಕಾಣದ ತಲೆನೋವು, ವಾಂತಿ, ಪ್ರಜ್ಞೆ ತಪ್ಪುವುದು.

ಮೂರನೆಯವರು ಐಸೆನ್‌ಹೋವರ್. 1957ರ ನವೆಂಬರ್ 25ರಂದು ಕಚೇರಿಯಲ್ಲಿ ಕೂತಿದ್ದಾಗ ಹೇಳಬೇಕಾದ ಪದವೇ ಬಾಯಿಗೆ ಬರಲಿಲ್ಲ. ಕೈಕಾಲು ಬೀಳಲಿಲ್ಲ. ಇದು ಚಿಕ್ಕ ಏಟು. ಮುಂದಿನ ತಿಂಗಳೇ ಪ್ಯಾರಿಸಿನ ನೇಟೋ ಸಭೆಗೆ ಹೋದರು. ಮಾತು ತಡವರಿಸೋದೊಂದೇ ಲಕ್ಷಣ ಆಗಿರಬಹುದು ಅನ್ನೋದಕ್ಕೆ ಇವರೇ ಸಾಕ್ಷಿ.

ರೂಸ್‌ವೆಲ್ಟ್ ತೀರಿಕೊಂಡ ಮೂರು ವರ್ಷಕ್ಕೆ, 1948ರಲ್ಲಿ, ಮಸಾಚುಸೆಟ್ಸ್‌ನ ಫ್ರಾಮಿಂಗ್‌ಹ್ಯಾಮ್ ಊರಿನ 5209 ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಶುರುವಾಯಿತು. ಅಧಿಕ ಬಿಪಿ, ಸಿಗರೇಟು, ಸಕ್ಕರೆ ಕಾಯಿಲೆ, ಎದೆಬಡಿತದ ಏರುಪೇರು ಲಕ್ವಕ್ಕೆ ದಾರಿ ಅಂತ ಖಚಿತವಾಯಿತು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಸಿಟಿ ಸ್ಕ್ಯಾನ್ ಆದ ಮೇಲೆ, ನಾಳ ಕಟ್ಟಿದೆಯೋ ಒಡೆದಿದೆಯೋ ಅಂತ ಬದುಕಿರುವಾಗಲೇ ನೋಡುವಂತಾಯಿತು. 1996ರಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಮೂರು ಗಂಟೆಯೊಳಗೆ ಕೊಡಬೇಕಿತ್ತು. ಈಗ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ರಕ್ತ ಸುರಿದವರಿಗೆ ಅದೇ ಇಂಜೆಕ್ಷನ್ ಪ್ರಾಣ ತೆಗೆಯುತ್ತೆ. ಆದ್ದರಿಂದ ಸ್ಕ್ಯಾನ್ ಆಗುವ ಮುಂಚೆ ರೂಮಿನಲ್ಲಿ ಯಾರೂ ಆಸ್ಪಿರಿನ್ ನುಂಗಿಸಬಾರದು.

ಇದನ್ನೆಲ್ಲ ಈ ಸಂಚಿಕೆಗೆ ಬರೆಯೋಕೆ ಕಾರಣ ಇದೆ. ಊರಿಂದ ತಂದ ಬಿಪಿ ಮಾತ್ರೆ ಮುಗಿದ ಮೇಲೆ "ರಜೆಗೆ ಹೋದಾಗ ತಗೊಂಡ್ರಾಯ್ತು ಬಿಡಣ್ಣ" ಅನ್ನೋರು ನಮ್ಮ ನಡುವೆ ಬಹಳ ಮಂದಿ. ರೂಸ್‌ವೆಲ್ಟ್‌ಗೆ ತನ್ನ ಬಿಪಿ ನೋಡಲು ದೇಶದ ದೊಡ್ಡ ವೈದ್ಯರಿದ್ದರು, ಮಾತ್ರೆ ಇರಲಿಲ್ಲ. ನಮಗೆ ಮಾತ್ರೆ ಮೂಲೆಯ ಫಾರ್ಮಸಿಯಲ್ಲೇ ಸಿಗುತ್ತೆ. ದಯವಿಟ್ಟು ಈ ವಾರವೇ ಬಿಪಿ ನೋಡಿಸಿಕೊಳ್ಳಿ, ಮಾತ್ರೆ ಬಿಡಬೇಡಿ. ರೂಮಿನಲ್ಲಿ ಯಾರದ್ದಾದರೂ ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಬೆಳಗಾಗಲಿ ಅಂತ ಕಾಯಬೇಡಿ. ಯುಎಇಯಲ್ಲಿ ಆಂಬ್ಯುಲೆನ್ಸ್‌ಗೆ 998. ಊರಿನ ಮನೆಯವರಿಗೆ 108 ಹೇಳಿಕೊಡಿ. ಲಕ್ಷಣ ಶುರುವಾದದ್ದು ಎಷ್ಟು ಗಂಟೆಗೆ ಅನ್ನೋದನ್ನು ಗುರುತಿಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳೋ ಪ್ರಶ್ನೆಗಳಲ್ಲಿ ಅದೂ ಒಂದು.