ಅಟ್ಟೆಯ ಅಂಚು, ಅಡಾಪ್ಟರಿನ ಹೊಟ್ಟೆ

ಅಥಣಿಯಲ್ಲಿ ಹೊಲಿದ ಜೋಡು ಕೊಲ್ಲಾಪುರಿ ಎಂದು ಮಾರಾಟವಾಗುವುದು ಹಳೆಯ ಮಾತು. ಅಥಣಿ, ನಿಪ್ಪಾಣಿ ಸೀಮೆಯ ಸಮಗಾರರ ದುಡಿಮೆಗೆ ಕೊಲ್ಲಾಪುರದ ಪೇಟೆ ಹೆಸರು ಅಂಟಿಸಿತು. ಅಲ್ಲಿನ ಅರಸ ಶಾಹೂ ಮಹಾರಾಜರ ಪ್ರೋತ್ಸಾಹವೂ ಅದಕ್ಕೆ ಕೂಡಿತು. ಹೆಸರು ಯಾವ ಊರಿನದಾದರೇನು, ಕೊಳ್ಳುವವರು ನಂಬುತ್ತಿದ್ದುದು ತಮ್ಮ ಕೈಯನ್ನು. ಜೋಡನ್ನು ಮಗುಚಿ ಅಟ್ಟೆಯ ಅಂಚು ನೋಡಿದರೆ ತೊಗಲಿನ ಪದರುಗಳನ್ನು ಎಣಿಸಬಹುದು. ಮೊಳೆ ಇರುವುದಿಲ್ಲ, ಹೊಲಿಗೆಯೂ ತೊಗಲಿನ ಎಳೆಯದೇ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದ ಎಮ್ಮೆ ತೊಗಲನ್ನು ಮೂಗೇ ಗುರುತಿಸುತ್ತದೆ. ಕರಕರ ಸಪ್ಪಳವನ್ನೂ ಅಸಲಿತನದ ಗುರುತೆನ್ನುವವರಿದ್ದಾರೆ. ಆದರೆ ಪದರುಗಳ ನಡುವೆ ಬೀಜವಿಟ್ಟು ಬೇಕೆಂದೇ ಸಪ್ಪಳ ತರಿಸುವ ಕ್ರಮವೂ ಇತ್ತು. ಆ ಸಾಕ್ಷಿಯನ್ನು ಒಪ್ಪಲಾಗದು.

ಚಿಕ್ಕೋಡಿಯಲ್ಲಾಗಲಿ ರಾಯಬಾಗ, ಕಾಗವಾಡಗಳಲ್ಲಾಗಲಿ ಅಗ್ಗದ ಚಾರ್ಜರ್, ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್, ಪೆನ್‌ಡ್ರೈವ್ ಕೊಳ್ಳುವಾಗ ಇಂದಿಗೂ ಮುಂದಾಗುವುದು ಅದೇ ಕೈ: ಎತ್ತಿ ತೂಕ ನೋಡುವುದು, ಅಲುಗಿಸಿ ಕಿವಿಗೊಡುವುದು. ಈ ಪರೀಕ್ಷೆ ಇಲ್ಲಿ ಸಾಲದು. ಜೋಡಿನ ಒಳಗು ಅಂಚಿನಲ್ಲಿ ಕಾಣುತ್ತಿತ್ತು; ಅಡಾಪ್ಟರಿನ ಹೊಟ್ಟೆ ಬೆಸುಗೆ ಹಾಕಿದ ಪ್ಲಾಸ್ಟಿಕ್ಕಿನೊಳಗಿದೆ. ತೂಕಕ್ಕೆಂದು ಮರಳು ತುಂಬಿದ ಪವರ್ ಬ್ಯಾಂಕುಗಳು ಸಿಕ್ಕಿವೆ. ನಕಲಿ ಪೆನ್‌ಡ್ರೈವ್ ಇನ್ನೂ ಚಾಲಾಕಿ. ಅದರ ಕಂಟ್ರೋಲರ್ ಚಿಪ್ಪಿಗೆ ಸುಳ್ಳು ಕಲಿಸಿರುತ್ತಾರೆ, ಪರದೆಯ ಮೇಲೆ 1 ಟಿಬಿ ಎಂದೇ ಬರುತ್ತದೆ. ನಿಜವಾಗಿ ಇರುವ ಕೆಲವೇ ಜಿಬಿ ತುಂಬಿದ ಮೇಲೂ ಅದು ತುಂಬಿಸಿಕೊಳ್ಳುತ್ತಲೇ ಹೋಗುತ್ತದೆ. ಫೈಲುಗಳ ಹೆಸರು ಉಳಿದಿರುತ್ತದೆ, ತೆರೆದರೆ ಏನೂ ಇಲ್ಲ. ಹಾಗೆಂದು ತೂಕ ನೋಡುವುದು ದಂಡ ಎನ್ನಲಾರೆ. ತೀರಾ ಹಗುರಾದ ಎಸ್‌ಎಂಪಿಎಸ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಸಣ್ಣದು, ಶಾಖ ಹೀರುವ ಲೋಹ ತೆಳ್ಳಗಿನದು ಎಂದು ಊಹಿಸಬಹುದು. ಬೇಡವೆನ್ನಲು ಅಷ್ಟು ಸಾಕು, ಬೇಕೆನ್ನಲು ಸಾಲದು.

ಜೋಡಿನ ಮಾರುಕಟ್ಟೆಯಲ್ಲೂ ಕಣ್ಣು ಸೋತಿದೆ. ಪದರುಗಳ ನಡುವೆ ರಟ್ಟು ಸೇರಿಸಿ ಅಂಚಿಗೆ ಬಣ್ಣ ಬಳಿದರೆ ಎಣಿಸುವ ಬೆರಳೂ ಮೋಸಹೋಗುತ್ತದೆ. 2019ರಲ್ಲಿ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಮತ್ತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಒಟ್ಟಾಗಿ ಸಿಕ್ಕ ಭೌಗೋಳಿಕ ಗುರುತು ಈ ಸೋಲಿಗೆ ಕೊಟ್ಟ ಉತ್ತರವೂ ಹೌದು. ಎಲೆಕ್ಟ್ರಾನಿಕ್ ಸರಕಿಗೆ 2012ರ ಕಡ್ಡಾಯ ನೋಂದಣಿ ಆದೇಶ ಬಂತು. ಅಡಾಪ್ಟರ್, ಪವರ್ ಬ್ಯಾಂಕುಗಳು ಆಮೇಲೆ ಸೇರಿದವು. ನೋಂದಾದ ಸರಕಿನ ಮೇಲಿರುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರೆಯನ್ನೂ ನಕಲು ಮಾಡುತ್ತಾರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮುದ್ರೆಯ ಜೊತೆಗಿರುವ 'ಆರ್' ಅಕ್ಷರದ ಮುಂದಿನ ಎಂಟು ಅಂಕಿಗಳನ್ನು ಬಿಐಎಸ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಅದು ಪೆಟ್ಟಿಗೆಯ ಮೇಲಿನ ಹೆಸರಿಗೆ ತಾಳೆಯಾಗದಿದ್ದರೆ ಸರಕು ವಾಪಸ್.

ಬಡವರಿಗೆ ಅಗ್ಗದ್ದೇ ಗತಿ ಎಂಬ ಮಾತು ಈ ಆಕ್ಷೇಪಕ್ಕಿಂತ ಗಟ್ಟಿ. ಆದರೆ ನಕಲಿ ಜೋಡು ಹರಿದರೆ ನಷ್ಟ ಜೋಡಿನಷ್ಟೇ. ಕೆಟ್ಟ ಅಡಾಪ್ಟರ್ ಲ್ಯಾಪ್‌ಟಾಪನ್ನೂ ಸುಡಬಹುದು. ಹಾಗಾಗಿ ಅಗ್ಗವನ್ನು ಹುಡುಕುವ ಜಾಗ ಬೇರೆ. ಮೌಸ್, ಕೀಬೋರ್ಡುಗಳನ್ನು ಅಂಗಡಿಯಲ್ಲೇ ಒತ್ತಿ ನೋಡಬಹುದು, ಅಲ್ಲಿ ಕೈಯ ತೀರ್ಪು ನಡೆಯುತ್ತದೆ. ಕರೆಂಟು ಹರಿಯುವ, ಕಡತ ಕಾಯುವ ಭಾಗಗಳಿಗೆ ಅದು ನಡೆಯದು. ಹಿಂದೆ ಉಂಗುಷ್ಠ ಕಿತ್ತ ಜೋಡನ್ನು ಹೊಲಿದವರ ಬಳಿಗೇ ಒಯ್ಯಬಹುದಿತ್ತು. ಕೈಪರೀಕ್ಷೆಗೆ ಬೆಂಬಲವಾಗಿದ್ದದ್ದು ಆ ಸಲಿಗೆಯೇ. ಚೀನಾದ ಷೆನ್‌ಝೆನ್‌ನಿಂದ ಬಂದ ಚಾರ್ಜರಿಗೆ ಆ ಅನುಕೂಲವಿಲ್ಲ. ಇರುವುದು ಸೀರಿಯಲ್ ನಂಬರು, ಬದಲಿ ಕೊಡುವ ಅವಧಿ ಎರಡನ್ನೂ ಬರೆದ ಜಿಎಸ್‌ಟಿ ಬಿಲ್ಲು. ಬಿಲ್ಲಿಲ್ಲದೆ ಒಯ್ದರೆ ಐವತ್ತು ರೂಪಾಯಿ ಕಡಿಮೆ ಎನ್ನುವ ಅಂಗಡಿಯವರು ಮಾರದೆ ಉಳಿಸಿಕೊಳ್ಳುವುದು ಅದನ್ನೇ.