ಮೈಸೂರಿನ ವಿದ್ಯಾಸ್ಥಾನಗಳು

ಹೊರದೇಶಗಳಲ್ಲಿ ನೆಲೆಸಿರುವ ನಮ್ಮವರು ರಜೆಯ ಕಾಲದಲ್ಲಿ ತಾಯ್ನಾಡಿಗೆ ಬಂದಾಗ, ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋಗಿ, ಅರಮನೆ, ಮೃಗಾಲಯ, ಚಾಮುಂಡಿಬೆಟ್ಟಗಳನ್ನು ಒಂದೇ ಹಗಲಿನಲ್ಲಿ ನೋಡಿ ಮುಗಿಸಿ, ಸಂಜೆಯ ಹೊತ್ತಿಗೆ ಬೆಂಗಳೂರಿಗೆ ಹಿಂದಿರುಗುವುದು ವಾಡಿಕೆಯಾಗಿದೆ. ಅವೆಲ್ಲವೂ ನೋಡತಕ್ಕವೇ ಸರಿ. ಆದರೆ ಒಡೆಯರ ರಾಜಧಾನಿಯಾಗಿದ್ದ ಆ ನಗರವು ಕನ್ನಡನಾಡಿನ ವಿದ್ಯಾರಾಜಧಾನಿಯೂ ಆಗಿತ್ತೆಂಬುದಕ್ಕೆ ಸಾಕ್ಷಿಯಾಗಿ ನಿಂತಿರುವ ಮಂದಿರಗಳನ್ನು ಅವರು ಕಣ್ಣೆತ್ತಿಯೂ ನೋಡದೆ ದಾಟಿಹೋಗುವರಲ್ಲಾ ಎಂದು ನನಗೆ ಖೇದವಾಗುತ್ತದೆ.

ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಇಸವಿ ಜುಲೈ 27ರಂದು ಸ್ಥಾಪಿತವಾಯಿತು. ಬ್ರಿಟಿಷರ ನೇರ ಆಡಳಿತಕ್ಕೆ ಸೇರದ ದೇಶೀಯ ಸಂಸ್ಥಾನಗಳಲ್ಲಿ ಇದೇ ಮೊದಲನೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಔದಾರ್ಯವೂ ದಿವಾನ್ ವಿಶ್ವೇಶ್ವರಯ್ಯನವರ ದೀಕ್ಷೆಯೂ ಕೂಡಿ ಫಲಿಸಿದ ಈ ಸಂಸ್ಥೆಗೆ ಎಚ್. ವಿ. ನಂಜುಂಡಯ್ಯನವರು ಪ್ರಥಮ ಉಪಕುಲಪತಿಗಳಾದರು. ಅದಕ್ಕೆ ಸೇರಿದ ಮಹಾರಾಜಾ ಕಾಲೇಜಿನಲ್ಲಿ 1918ರಿಂದ ತತ್ತ್ವಶಾಸ್ತ್ರವನ್ನು ಬೋಧಿಸಿದ ರಾಧಾಕೃಷ್ಣನ್ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ಶಿಷ್ಯರು ಕುದುರೆಗಳನ್ನು ಬಿಚ್ಚಿ ತಾವೇ ಗಾಡಿಯನ್ನು ರೈಲ್ವೆ ನಿಲ್ದಾಣದವರೆಗೆ ಎಳೆದೊಯ್ದರು. ಅದೇ ಕಾಲೇಜಿನಲ್ಲಿ ಕನ್ನಡ ಎಂ.ಎ. ಓದಿದ ಕುವೆಂಪು ಅವರು ಮುಂದೆ ಅಲ್ಲಿಯೇ ಅಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ, ಕಡೆಗೆ ವಿಶ್ವವಿದ್ಯಾನಿಲಯದ ಉಪಕುಲಪತಿಗಳೇ ಆದರು.

ಆದರೆ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ಸಂದರ್ಶಿಸತಕ್ಕದ್ದು ಪ್ರಾಚ್ಯವಿದ್ಯಾ ಸಂಶೋಧನಾಲಯ. ವಿಕ್ಟೋರಿಯಾ ರಾಣಿಯ ಸುವರ್ಣಮಹೋತ್ಸವದ ನೆನಪಿಗಾಗಿ 1887ರಲ್ಲಿ ಅಸ್ತಿಭಾರ ಹಾಕಿಸಿಕೊಂಡ ಈ ಭವನದಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಮುಂದೆ ಈ ಸಂಶೋಧನಾಲಯವಾದ ಓರಿಯಂಟಲ್ ಲೈಬ್ರರಿಯು ಆರಂಭವಾಯಿತು. ತಂಜಾವೂರು ಸೀಮೆಯ ಒಬ್ಬ ಪಂಡಿತರು ತಂದೊಪ್ಪಿಸಿದ, ಗ್ರಂಥಲಿಪಿಯ ಓಲೆಕಟ್ಟೊಂದನ್ನು ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬಿಚ್ಚಿ ಪರಿಶೀಲಿಸಲಾಗಿ, ಅನ್ಯಗ್ರಂಥಗಳ ಉಲ್ಲೇಖಗಳಿಂದ ಮಾತ್ರ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂದು ಗೊತ್ತಾಯಿತು. ಶಾಸ್ತ್ರಿಗಳು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದ ಮೇಲೆ ಪ್ರಾಚೀನ ಭಾರತದ ರಾಜ್ಯನೀತಿಯನ್ನು ಕುರಿತು ವಿದ್ವಲ್ಲೋಕವು ತಳೆದಿದ್ದ ಭಾವನೆಗಳೇ ಬದಲಾದವು. ಅನುಮತಿ ಪಡೆದು ಒಳಗೆ ಹೋದವರು ಒಂದು ಓಲೆಗರಿಯನ್ನು ಸಮೀಪದಿಂದ ನೋಡಬೇಕು: ಕಂಟದಿಂದ ಕೊರೆದ ಅಕ್ಷರಗಳು ಬರಿಯ ಗೀರುಗಳಂತೆ ಮಸುಕಾಗಿರುತ್ತವೆ, ಮಸಿಯನ್ನು ಲೇಪಿಸಿ ಒರೆಸಿದೊಡನೆ ಕಪ್ಪು ಗೀರುಗಳಲ್ಲಿ ಮಾತ್ರ ನಿಂತು ಸಾಲು ಸಾಲಾಗಿ ಬರಹವು ಗೋಚರಿಸುತ್ತದೆ. ಗರಿಗಳು ಒಣಗಿ ಮುರಿಯದಂತೆಯೂ ಹುಳು ಹಿಡಿಯದಂತೆಯೂ ಮಜ್ಜಿಗೆಹುಲ್ಲಿನ ಜಾತಿಯ ಹುಲ್ಲಿನಿಂದ ತೆಗೆದ ಸುಗಂಧತೈಲವನ್ನು ಸವರುವರು.

ಮುಮ್ಮಡಿ ಕೃಷ್ಣರಾಜ ಒಡೆಯರು ಬೇಸಾಯಕ್ಕಾಗಿ 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆದಾಡಿ, 1960ರಲ್ಲಿ ಕುವೆಂಪು ಅವರು ಹೆಸರಿಟ್ಟ, ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯನ್ನು ಪ್ರವೇಶಿಸಬಹುದು. ಅಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಜಯಲಕ್ಷ್ಮೀವಿಲಾಸವು ಜಾನಪದ ವಸ್ತುಸಂಗ್ರಹಕ್ಕೆ ಆಶ್ರಯವಾಯಿತು. ಸೋಮನ ಕುಣಿತದ ಮುಖವಾಡಗಳೂ ತೊಗಲುಗೊಂಬೆಗಳೂ ಅರಸುಮನೆತನದ ಸೌಧದಲ್ಲಿ ಮಾನ್ಯತೆಯನ್ನು ಪಡೆದದ್ದು ನನಗೆ ಬಹಳ ಉಚಿತವಾಗಿ ತೋರುತ್ತದೆ.

ವಿದೇಶದಲ್ಲಿರುವ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಊರಿನ ಹಳೆಯ ಮನೆಯನ್ನು ಮಾರಲೋ ಕೆಡವಲೋ ನಿಶ್ಚಯಿಸಿದಾಗ, ಅಟ್ಟದ ಮೇಲೆ ಹಲಗೆಗಳ ನಡುವೆ ಕಟ್ಟಿಟ್ಟ ಓಲೆಗರಿಗಳು ದೊರೆತರೆ, ಓದಲು ಬಾರದೆಂದು ಅವನ್ನು ಹೊಳೆಗೆ ಬಿಡಬೇಡಿ, ಹಳೆಯ ಸಾಮಾನಿನವರಿಗೂ ಕೊಡಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹಸ್ತಪ್ರತಿ ಭಂಡಾರಕ್ಕೆ ಒಪ್ಪಿಸಿ ಬನ್ನಿ.