ಲಕೋಟೆಗೂ ಮೊದಲು

ಆಸ್ಕರ್ ಅಂದ ತಕ್ಷಣ ನನಗೆ ನೆನಪಾಗೋದು ಆ ಲಕೋಟೆ. ಅದನ್ನು ಬಿಚ್ಚುವಾಗಿನ ಎರಡು ಸೆಕೆಂಡಿನ ಮೌನ. ಆದರೆ ಶುರುವಿನಲ್ಲಿ ಇದ್ಯಾವುದೂ ಇರಲೇ ಇಲ್ಲ ಮಾರಾಯ್ರೇ!

ಮೊದಲ ಸಮಾರಂಭ ನಡೆದಿದ್ದು 1929ರ ಮೇ 16ರಂದು, ಹಾಲಿವುಡ್ ರೂಸ್‌ವೆಲ್ಟ್ ಹೋಟೆಲಿನಲ್ಲಿ. ಸುಮಾರು 270 ಜನ, 5 ಡಾಲರ್ ಟಿಕೆಟ್ಟು, ಭರ್ಜರಿ ಊಟ. ಪ್ರಶಸ್ತಿ ಕೊಟ್ಟು ಮುಗಿಸಿದ್ದು 15 ನಿಮಿಷದಲ್ಲಿ. ಗೆದ್ದವರ ಪಟ್ಟಿ ಮೂರು ತಿಂಗಳ ಹಿಂದೆ, ಫೆಬ್ರವರಿಯಲ್ಲೇ ಹೊರಬಿದ್ದಿತ್ತು. ಅತ್ಯುತ್ತಮ ನಟ ಎಮಿಲ್ ಜಾನಿಂಗ್ಸ್ ಅಂತೂ ಪ್ರಶಸ್ತಿಯನ್ನು ಮೊದಲೇ ಇಸಿದುಕೊಂಡು ಜರ್ಮನಿಗೆ ಹೊರಟುಹೋಗಿದ್ದ. ನಮ್ಮ ಸ್ಕೂಲ್ ಡೇ ಇದ್ದ ಹಾಗೆ... ಲೋಟ ಯಾರಿಗೆ, ತಟ್ಟೆ ಯಾರಿಗೆ ಅಂತ ಎಲ್ಲರಿಗೂ ಮೊದಲೇ ಗೊತ್ತು :)

ಅತ್ತ ರೇಡಿಯೋ ಬೆಳೆದಿದ್ದೇ "ಈಗ ಏನಾಯ್ತು?" ಅನ್ನೋ ಕುತೂಹಲದ ಮೇಲೆ. 1920ರ ನವೆಂಬರ್ 2ರ ರಾತ್ರಿ ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಬಂದ ಬಂದ ಹಾಗೇ ಓದಿ ಹೇಳಿತ್ತು. 1926ರಲ್ಲಿ ಎನ್‌ಬಿಸಿ ಹುಟ್ಟಿತು, ಮರುವರ್ಷ ಸಿಬಿಎಸ್. ಹೋಟೆಲಿನ ಹಾಲ್‌ನಲ್ಲಿ ಮೈಕ್ ಇಟ್ಟು, ಟೆಲಿಫೋನ್ ತಂತಿಯ ಮೇಲೆ ವಾದ್ಯಗೋಷ್ಠಿಯನ್ನು ಕೇಂದ್ರಕ್ಕೆ ಸಾಗಿಸೋದು ಆಗ ಮಾಮೂಲು. ಲಾಸ್ ಏಂಜಲೀಸಿನ ಅಂಬಾಸಡರ್ ಹೋಟೆಲಿನ ಕೋಕೋನಟ್ ಗ್ರೋವ್ ಇದಕ್ಕೇ ಹೆಸರುವಾಸಿ. 1930ರ ಏಪ್ರಿಲ್ 3ರಂದು ಎರಡನೇ ಸಮಾರಂಭ ನಡೆದಿದ್ದು ಅಲ್ಲೇ, ಅದನ್ನು ಒಂದು ಸ್ಥಳೀಯ ರೇಡಿಯೋ ಕೇಂದ್ರ ಪ್ರಸಾರವೂ ಮಾಡಿತು.

ಗೊತ್ತಿರುವ ಪಟ್ಟಿಯನ್ನು ನೇರ ಪ್ರಸಾರದಲ್ಲಿ ಯಾರು ಕೇಳ್ತಾರೆ ಹೇಳಿ? ಆ ವರ್ಷದಿಂದ ಫಲಿತಾಂಶವನ್ನು ಅದೇ ರಾತ್ರಿ ಹೇಳುವ ಪದ್ಧತಿ ಬಂತು. ಪತ್ರಿಕೆಗಳಿಗೆ ಮಾತ್ರ ಪಟ್ಟಿ ಮುಂಚೆಯೇ ಸಿಗುತ್ತಿತ್ತು, ರಾತ್ರಿ 11ರ ತನಕ ಅಚ್ಚು ಹಾಕಬಾರದು ಅನ್ನೋ ಕರಾರಿನ ಮೇಲೆ.

ಸಿನಿಮಾದವರಿಗೆ ರೇಡಿಯೋ ಬಗ್ಗೆ ಪ್ರೀತಿಯೇನೂ ಇರಲಿಲ್ಲ. ತಾರೆಯರು ಮನೆಯಲ್ಲೇ ಪುಕ್ಕಟೆ ಸಿಕ್ಕರೆ ಟಿಕೆಟ್ ಕೊಳ್ಳೋರ್ಯಾರು ಅಂತ ಥಿಯೇಟರ್ ಮಾಲೀಕರ ತಕರಾರು. 1939ರ ಸಮಾರಂಭಕ್ಕೆ ಪ್ರಸಾರವನ್ನೇ ನಿಷೇಧಿಸಿದ್ದರು. ಒಬ್ಬ ರೇಡಿಯೋ ವರದಿಗಾರ ಬೂತ್ ಒಳಗೆ ಬಾಗಿಲು ಹಾಕಿಕೊಂಡು ಸುಮಾರು 12 ನಿಮಿಷ ಮಾತಾಡಿಯೇಬಿಟ್ಟ, ಆಮೇಲೆ ಹೊರಗೆ ಹಾಕಿದರು. ನನ್ನ ಮಟ್ಟಿಗೆ ಅವತ್ತಿನ ಹೀರೋ ಅವನೇ!

ಗುಟ್ಟು ಒಡೆದಿದ್ದು ಮಾತ್ರ ರೇಡಿಯೋದಿಂದಲ್ಲ. 1940ರ ಫೆಬ್ರವರಿ 29ರಂದು ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಕರಾರು ಮುರಿದು, ಸಂಜೆಯ ಆವೃತ್ತಿಯಲ್ಲೇ ಎಲ್ಲ ಹೆಸರು ಹಾಕಿತು. ಅತಿಥಿಗಳು ಊಟಕ್ಕೆ ಬರುವ ದಾರಿಯಲ್ಲೇ ಫಲಿತಾಂಶ ಓದಿಕೊಂಡು ಬಂದರು. ಮುಂದಿನ ವರ್ಷದಿಂದ ಮುಚ್ಚಿದ ಲಕೋಟೆ ಜಾರಿಗೆ ಬಂತು. ಆ 1941ರ ರಾತ್ರಿಯೇ ಅಧ್ಯಕ್ಷ ರೂಸ್‌ವೆಲ್ಟ್ ಶ್ವೇತಭವನದಿಂದ ರೇಡಿಯೋ ಮೂಲಕ ಸಭೆಯನ್ನುದ್ದೇಶಿಸಿ ಆರು ನಿಮಿಷ ಮಾತಾಡಿದರು. ಎರಡು ವರ್ಷದ ಹಿಂದೆ ಹೊರಗೆ ದಬ್ಬಿದ್ದ ರೇಡಿಯೋಗೆ ಈಗ ಮುಂದಿನ ಸಾಲಿನ ಮರ್ಯಾದೆ.

1945ರ ಹೊತ್ತಿಗೆ ಇಡೀ ಸಮಾರಂಭ ದೇಶದುದ್ದಕ್ಕೂ ಕೇಳಿಸಿತು. 1953ರಲ್ಲಿ ಸ್ಟುಡಿಯೋಗಳು ಖರ್ಚು ಕೊಡಲು ಹಿಂದೇಟು ಹಾಕಿದಾಗ, 1 ಲಕ್ಷ ಡಾಲರ್ ಕೊಟ್ಟು ಸಮಾರಂಭವನ್ನು ಉಳಿಸಿದ್ದು ಎನ್‌ಬಿಸಿ. ಟಿವಿಗೂ ಸೇರಿಸಿ.